ಸಿಬಿಲ್ ಕೆಟ್ಟರೂ ಪಾಸ್‌ಬುಕ್ ಸಿಗುತ್ತದೆ

“ಸಿಬಿಲ್ ಬಿದ್ದು ಹೋಗಿದೆ ಮಾರಾಯ್ರೆ, ಇನ್ನು ಯಾವ ಬ್ಯಾಂಕಿನವರೂ ಪಾಸ್‌ಬುಕ್ ಕೊಡೂದಿಲ್ಲ.” ಸಾಗರದ ಅಡಿಕೆ ಮಂಡಿ ಎದುರು, ಹೊಸನಗರದ ಬಸ್ ನಿಲ್ದಾಣದಲ್ಲಿ, ತೀರ್ಥಹಳ್ಳಿಯ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಈ ಮಾತು ಈಚೆಗೆ ಪದೇ ಪದೇ ಕಿವಿಗೆ ಬೀಳುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಬ್ಯಾಂಕಿಗೆ ಹೋಗಿದ್ದಾರೆ, ಅರ್ಜಿ ವಾಪಸ್ ಬಂದಿದೆ. ಯಾಕೆ ಎಂದು ಕೇಳಿದರೆ ಕೌಂಟರಿನವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ‘ಸಿಸ್ಟಮ್ ತಗೊಳ್ತಾ ಇಲ್ಲ’ ಎಂದಿದ್ದಾರೆ. ಸಿಸ್ಟಮ್ ಏನನ್ನು ತಗೊಳ್ಳಲಿಲ್ಲ ಎಂದು ಯಾರೂ ಬಿಡಿಸಿ ಹೇಳಿಲ್ಲ. ದಾರಿಯಲ್ಲಿ ಎರಡು ವರ್ಷದ ಹಿಂದಿನ ಬೆಳೆಸಾಲದ ಕಂತು ನೆನಪಾಗಿದೆ. ಕಾರಣ ಅದೇ ಇರಬೇಕು ಎಂದು ತಾವೇ ತೀರ್ಮಾನಿಸಿ ಮನೆ ಸೇರಿದ್ದಾರೆ.

ಆ ತೀರ್ಮಾನ ತಪ್ಪು. ಉಳಿತಾಯ ಖಾತೆ ತೆರೆಯಲು ಸಿಬಿಲ್ ಅಂಕ ಬೇಕಿಲ್ಲ. ಯಾಕೆಂದರೆ ಉಳಿತಾಯ ಖಾತೆಯಲ್ಲಿ ಸಾಲ ಕೊಡುವವರು ನೀವು, ತೆಗೆದುಕೊಳ್ಳುವುದು ಬ್ಯಾಂಕು. ನಿಮ್ಮ ಹಣವನ್ನು ಇಟ್ಟುಕೊಳ್ಳುವವನು ನಿಮ್ಮ ಸಾಲದ ಚರಿತ್ರೆ ಕೇಳುವುದರಲ್ಲಿ ಅರ್ಥವಿಲ್ಲ. ಅವನು ಕೇಳಬೇಕಾದದ್ದು ನೀವು ಯಾರು, ಎಲ್ಲಿಯವರು ಎಂಬುದನ್ನು ಮಾತ್ರ. ನಮ್ಮಲ್ಲಿ ಖಾತೆಗೆ ಅಡ್ಡ ಬರುವುದು ಹೆಚ್ಚಾಗಿ ಹೆಸರು, ವಿಳಾಸ, ಫೋನ್ ನಂಬರಿನ ತಕರಾರು. ಅಪರೂಪಕ್ಕೆ, ಖಾತೆಯನ್ನು ಬೇರೆಯವರ ಕೈಗೆ ಕೊಟ್ಟ ತಪ್ಪು.

ಈ ಹೆದರಿಕೆಗೆ ಹೊರದೇಶದ ಸುದ್ದಿಯೂ ಸ್ವಲ್ಪ ಕಾರಣ ಇರಬಹುದು. ಅಮೆರಿಕದಲ್ಲಿ ಸಾಲದ ಅಂಕವಲ್ಲದೆ ಖಾತೆಯ ಚರಿತ್ರೆಯನ್ನೇ ಬರೆದಿಡುವ ಬೇರೆ ಸಂಸ್ಥೆಗಳಿವೆ. ಚೆಕ್ಸ್‌ಸಿಸ್ಟಮ್ಸ್ ಅದರಲ್ಲಿ ಹೆಸರಾದದ್ದು. ಖಾತೆ ಮೈನಸ್‌ಗೆ ಹೋಗಿ ಬಾಕಿ ಕಟ್ಟದೆ ಬಿಟ್ಟರೆ ಆ ಸುದ್ದಿ ಅಲ್ಲಿ 5 ವರ್ಷ ಉಳಿಯುತ್ತದೆ, ಬೇರೆ ಬ್ಯಾಂಕು ಅದನ್ನು ನೋಡಿ ಹೊಸ ಖಾತೆ ನಿರಾಕರಿಸಬಹುದು. ಮಗನೋ ಮಗಳೋ ಅಲ್ಲಿ ಓದುತ್ತಿದ್ದರೆ ಒಂದು ಮಾತು ಹೇಳಿಡಿ: ಊರಿಗೆ ಮರಳುವಾಗ ಖಾತೆಯನ್ನು ಸುಮ್ಮನೆ ಬಿಟ್ಟು ಬರಬಾರದು, ಬಾಕಿ ಶುಲ್ಕ ಕಟ್ಟಿ ಮುಚ್ಚಿಯೇ ಬರಬೇಕು. ಹೊಸದಾಗಿ ಹೋದವರಿಗೆ ಆ ಪಟ್ಟಿಯ ಚಿಂತೆ ಬೇಡ. ಅದರಲ್ಲಿ ಬರೆಯುವುದು ಹೆಚ್ಚಾಗಿ ಕೆಟ್ಟ ಸುದ್ದಿ, ಹೊಸಬರದು ಅಲ್ಲಿ ಏನೂ ಇರುವುದಿಲ್ಲ.

ನಮ್ಮ ದೇಶದಲ್ಲಿ ಉಳಿತಾಯ ಖಾತೆಗೆ ಅಂಥ ಪಟ್ಟಿ ಇಲ್ಲ. ಕನಿಷ್ಠ ಬಾಕಿ ಇಡಲಿಲ್ಲವೆಂದು ಹಾಕುವ ಶುಲ್ಕದಿಂದಲೇ ಖಾತೆಯನ್ನು ಮೈನಸ್‌ಗೆ ಇಳಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2014ರ ನವೆಂಬರಿನಲ್ಲೇ ಹೇಳಿದೆ. ಹತ್ತು ವರ್ಷದ ಹಿಂದೆ ಯಾವುದೋ ಸ್ಕಾಲರ್‌ಶಿಪ್‌ಗೆಂದು ತೆರೆದು ಮರೆತ ಖಾತೆಯಲ್ಲಿ ಸಾವಿರಗಟ್ಟಲೆ ದಂಡ ಬೆಳೆದಿರುತ್ತದೆ ಎಂದು ಬ್ಯಾಂಕಿನ ಬಾಗಿಲು ತಪ್ಪಿಸಿ ಓಡಾಡುವವರಿದ್ದಾರೆ. ಅವರು ಧೈರ್ಯವಾಗಿ ಒಳಗೆ ಹೋಗಬಹುದು.

ಸಿಬಿಲ್ ಎಲ್ಲಿಂದ ಬಂತು ಎಂಬುದನ್ನು ನಾಲ್ಕು ಮಾತಿನಲ್ಲಿ ಮುಗಿಸುತ್ತೇನೆ. ಹಿಂದೆ ಅಡಿಕೆ ಬೆಳೆಗಾರನ ಸಾಲದ ಯೋಗ್ಯತೆ ಮಂಡಿ ಸಾಹುಕಾರನ ತಲೆಯಲ್ಲಿರುತ್ತಿತ್ತು. ಯಾರ ಅಪ್ಪ ಕೊಯ್ಲು ಮುಗಿದೊಡನೆ ಲೆಕ್ಕ ಚುಕ್ತಾ ಮಾಡುತ್ತಿದ್ದ, ಯಾರು ಬೇರೆ ಮಂಡಿಗೆ ಮಾಲು ಹಾಕಿ ಕಣ್ಣು ತಪ್ಪಿಸುತ್ತಿದ್ದ ಎಂಬುದೆಲ್ಲ ಅವನಿಗೆ ಬಾಯಿಪಾಠ. 2000ದಲ್ಲಿ ಶುರುವಾದ ಸಿಬಿಲ್ ಅದೇ ಕೆಲಸವನ್ನು ದೇಶದ ಮಟ್ಟದಲ್ಲಿ ಕಂಪ್ಯೂಟರಿಗೆ ಒಪ್ಪಿಸಿತು. 2005ರಲ್ಲಿ ಇದಕ್ಕೊಂದು ಕಾನೂನು ಬಂತು. ಇಂದು ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳಿವೆ. ನಾವು ಎಲ್ಲವನ್ನೂ ಸೇರಿಸಿ ‘ಸಿಬಿಲ್’ ಎನ್ನುತ್ತೇವೆ. ಮಂಡಿ ಸಾಹುಕಾರನಿಗೂ ಕಂಪ್ಯೂಟರಿಗೂ ಒಂದು ವ್ಯತ್ಯಾಸ ಇದೆ. ಸಾಹುಕಾರನಿಗೆ ‘ಆ ವರ್ಷ ಕೊಳೆರೋಗ ಬಂದು ಫಸಲೇ ಇರಲಿಲ್ಲ’ ಎಂದು ಹೇಳಿದರೆ ಅರ್ಥವಾಗುತ್ತಿತ್ತು.

ಹಾಗಾದರೆ ಅರ್ಜಿ ವಾಪಸ್ ಬಂದದ್ದೇಕೆ?

ನಾನು ಕಂಡಂತೆ ಕಾರಣಗಳು ಇವು. ಮೊದಲನೆಯದೇ ಹತ್ತರಲ್ಲಿ ಏಳೆಂಟು ಮಂದಿಯದು ಎಂದು ನನ್ನ ಅಂದಾಜು.

1. ಹೆಸರು ಕೂಡುವುದಿಲ್ಲ. ಆಧಾರ್‌ನಲ್ಲಿ ‘ಮಂಜುನಾಥ ಕೆ.ಎಸ್.’, ಪಾನ್ ಕಾರ್ಡಿನಲ್ಲಿ ‘ಕೆರೆಮನೆ ಮಂಜುನಾಥ’, ಓಟರ್ ಕಾರ್ಡಿನಲ್ಲಿ ಬರೀ ‘ಮಂಜಪ್ಪ’. ಮನೆ ಹೆಸರು, ಅಪ್ಪನ ಹೆಸರು, ಭಟ್ಟ, ಹೆಗಡೆ, ನಾಯ್ಕ, ಗೌಡ ಎಲ್ಲ ಒಂದೊಂದು ಕಾಗದದಲ್ಲಿ ಒಂದೊಂದು ಜಾಗದಲ್ಲಿ ಕೂತಿರುತ್ತವೆ. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಕಾಗದಗಳಲ್ಲಂತೂ ಅರ್ಧ ತವರಿನ ಹೆಸರು, ಅರ್ಧ ಗಂಡನ ಹೆಸರು. ಬ್ಯಾಂಕುಗಳೆಲ್ಲ ಗ್ರಾಹಕರ ಗುರುತಿನ ದಾಖಲೆಯನ್ನು ಸಿಕೆವೈಸಿ ಎಂಬ ಕೇಂದ್ರ ಕಡತಕ್ಕೆ ಸೇರಿಸುತ್ತವೆ, ಅದಕ್ಕೊಂದು 14 ಅಂಕಿಯ ಸಂಖ್ಯೆ ಇರುತ್ತದೆ. ಅಲ್ಲಿರುವ ಹಳೆಯ ಹೆಸರೂ ಇವತ್ತಿನ ಅರ್ಜಿಯ ಹೆಸರೂ ತಾಳೆಯಾಗದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

2. ಹಳೆಯ ಖಾತೆ ಇದೆ, ನಿಮಗೆ ಮರೆತಿದೆ. ನಮ್ಮ ಭಾಗದಲ್ಲಿ ಇದು ವಿಶೇಷ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲಿನಲ್ಲಿ ಎಸ್‌ಬಿಐ ಆಯಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಹೋದವು. ‘ಯೂನಿಯನ್ ಬ್ಯಾಂಕಿನಲ್ಲಿ ನನ್ನ ಖಾತೆಯೇ ಇಲ್ಲ’ ಎಂದು ನೀವು ವಾದಿಸುತ್ತೀರಿ, ಕಂಪ್ಯೂಟರು ಮಾತ್ರ ಕಾಲೇಜು ದಿನಗಳ ನಿಮ್ಮ ಕಾರ್ಪೊರೇಷನ್ ಬ್ಯಾಂಕಿನ ಖಾತೆಯನ್ನು ತೋರಿಸುತ್ತದೆ. ಆ ಹಳೆಯ ಗ್ರಾಹಕ ಸಂಖ್ಯೆ ಇರುವಾಗ ಅದನ್ನು ಸರಿಪಡಿಸಿಯೇ ಮುಂದೆ ಹೋಗಬೇಕು. ಎರಡು ವರ್ಷ ವ್ಯವಹಾರ ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಅದನ್ನು ಮತ್ತೆ ಚಾಲನೆಗೆ ತರಲು ಬ್ಯಾಂಕು ಶುಲ್ಕ ಕೇಳುವಂತಿಲ್ಲ. ಹತ್ತು ವರ್ಷ ದಾಟಿದ್ದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ. ಹೋದರೂ ನಿಮ್ಮದೇ, ಅದೇ ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು. ಅಜ್ಜ ಅಜ್ಜಿಯರ ಹೆಸರಿನಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡಲು ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಎಂಬ ಪೋರ್ಟಲ್ 2023ರಿಂದ ಇದೆ.

3. ಓಟಿಪಿ ಬರುವುದಿಲ್ಲ. ಆಧಾರ್‌ಗೆ ಜೋಡಿಸಿದ ನಂಬರು ಯಾವಾಗಲೋ ಬಂದ್ ಆಗಿದೆ, ಇಲ್ಲವೇ ಆ ಸಿಮ್ ಬೆಂಗಳೂರಿನಲ್ಲಿರುವ ಮಗನ ಜೇಬಿನಲ್ಲಿದೆ. ನಿಟ್ಟೂರು, ತುಮರಿ ಕಡೆಯವರು ಇನ್ನೊಂದನ್ನು ಸೇರಿಸುತ್ತಾರೆ: ಮೆಸೇಜು ಬರಬೇಕಾದರೆ ಗುಡ್ಡ ಹತ್ತಬೇಕು. ಶರಾವತಿ ಹಿನ್ನೀರಿಗೆ 2025ರ ಜುಲೈನಲ್ಲಿ ಸೇತುವೆ ಬಂದ ಮೇಲೆ ತುಮರಿಯವರಿಗೆ ಸಾಗರದ ಬ್ಯಾಂಕು ಹತ್ತಿರವಾಯಿತು. ನೆಟ್‌ವರ್ಕಿಗೆ ಸೇತುವೆ ಇನ್ನೂ ಆಗಬೇಕಷ್ಟೆ.

4. ಅದೇ ಬ್ಯಾಂಕಿನಲ್ಲಿ ನಿಮ್ಮ ಸಾಲ ಕಟಬಾಕಿಯಾಗಿದೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ನಿಯಮದಂತೆ ಖಾತೆ ಕೊಡಬಹುದು. ಆದರೆ ಅದಕ್ಕೆ ಬಂದ ಹಣವನ್ನು ಬಾಕಿ ಸಾಲಕ್ಕೆ ಜಮಾ ಮಾಡಿಕೊಳ್ಳುವ ಹಕ್ಕು ಬ್ಯಾಂಕಿಗಿದೆ. ಅಡಿಕೆ ಮಾರಿದ ದುಡ್ಡು ಖಾತೆಗೆ ಬಂದ ಸಂಜೆಯೇ ಹಿಡಿದಿಟ್ಟದ್ದು ತಿಳಿದರೆ ಗಾಬರಿಯಾಗುತ್ತದೆ. ಖಾತೆಗೆ ಮೊದಲು ಸಾಲದ ವಿಚಾರ ಮ್ಯಾನೇಜರ್ ಹತ್ತಿರ ಮಾತಾಡಿಕೊಳ್ಳಿ.

5. ಖಾತೆ ಯಾರದೋ ಮೋಸಕ್ಕೆ ಬಳಕೆಯಾಗಿದೆ. ಅಮೆರಿಕದ ಪಟ್ಟಿಗೆ ಹತ್ತಿರದ್ದು ನಮ್ಮಲ್ಲಿ ಏನಾದರೂ ಇದ್ದರೆ ಇದು. ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಸಮನ್ವಯ ಕೇಂದ್ರ 2024ರ ಸೆಪ್ಟೆಂಬರಿನಲ್ಲಿ ಶಂಕಿತರ ಪಟ್ಟಿಯೊಂದನ್ನು ಶುರು ಮಾಡಿತು, ಬ್ಯಾಂಕುಗಳು ಅದನ್ನು ನೋಡುತ್ತವೆ. ‘ನಿನ್ನ ಖಾತೆಗೆ ದುಡ್ಡು ಬರ್ತದೆ, ತೆಗೆದು ಕೊಟ್ಟರೆ ಕಮಿಷನ್’ ಎಂಬ ಮಾತಿಗೆ ಕಾಲೇಜು ಹುಡುಗರು ಬೀಳುತ್ತಾರೆ. ಆ ದುಡ್ಡು ಇನ್ಯಾರಿಗೋ ಮೋಸ ಮಾಡಿ ದೋಚಿದ್ದಾಗಿರುತ್ತದೆ. ಪೊಲೀಸರು ಬರುವುದು ಖಾತೆ ಯಾರದೋ ಅವರ ಮನೆಗೆ. ಇದು ಸಿಬಿಲ್ ಹಾಳಾಗುವುದಕ್ಕಿಂತ ನೂರು ಪಾಲು ಕೆಟ್ಟದ್ದು.

ಬ್ಯಾಂಕಿಗೆ ಹೋಗುವ ಮುನ್ನ

ಮೊದಲು ಎಲ್ಲ ಗುರುತಿನ ಕಾಗದಗಳನ್ನು ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ ನೋಡಿ. ಹುಟ್ಟಿದ ತಾರೀಕನ್ನೂ ನೋಡಿ. ಹಳಬರ ಆಧಾರ್‌ನಲ್ಲಿ ಜನವರಿ 1 ಎಂದೋ ಬರೀ ಇಸವಿಯೋ ಇರುವುದು ಸಾಮಾನ್ಯ. ಎರಡು ಕಾಗದ ಕೂಡದಿದ್ದರೆ ಮೊದಲು ತಿದ್ದಿಸಬೇಕಾದದ್ದು ಆಧಾರ್, ಆಮೇಲೆ ಪಾನ್. ಬ್ಯಾಂಕಿನಲ್ಲಿ ಕೂತು ತಿದ್ದಿಸುವುದು ಕೊನೆಯ ಕೆಲಸ.

ಬೇಕಾದ ಕಾಗದ ಇಷ್ಟೇ: ಆಧಾರ್, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಮತದಾರರ ಗುರುತಿನ ಚೀಟಿ, ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಇವುಗಳಲ್ಲಿ ಒಂದು. ಜೊತೆಗೆ ಪಾನ್, ಅದಿಲ್ಲದವರು ಬ್ಯಾಂಕು ಕೊಡುವ ಘೋಷಣಾ ಫಾರಂ ತುಂಬಬೇಕು. ಫೋಟೊ, ಫೋನ್ ನಂಬರು. ವಿಳಾಸ ಬದಲಾಗಿದ್ದರೆ ಎರಡು ತಿಂಗಳೊಳಗಿನ ಕರೆಂಟ್ ಬಿಲ್ ಆಗುತ್ತದೆ ಎನ್ನುತ್ತಾರೆ. ಮೆಸ್ಕಾಂ ಬಿಲ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಬರುವ ಮನೆಗಳಿಗೆ ಇದರಿಂದ ಉಪಯೋಗವಿಲ್ಲ, ಅಂಥವರು ಆಧಾರ್ ವಿಳಾಸ ಬದಲಿಸಿಕೊಳ್ಳುವುದೇ ಸರಿ.

ಯಾವ ಖಾತೆ ಬೇಕು ಎಂದು ಮೊದಲೇ ನಿರ್ಧರಿಸಿ. ‘ಎಸ್‌ಬಿ ಖಾತೆ’ ಎಂದಷ್ಟೇ ಕೇಳಿದರೆ ಕನಿಷ್ಠ ಬಾಕಿಯ ಖಾತೆಯೊಂದನ್ನು ಕೊಟ್ಟು, ಜೊತೆಗೆ ವಿಮೆಯ ಕಾಗದಕ್ಕೂ ಸಹಿ ಹಾಕಿಸಿಕೊಂಡರೆ ಆಶ್ಚರ್ಯಪಡಬೇಡಿ. ಕನಿಷ್ಠ ಬಾಕಿಯೇ ಬೇಡದ ‘ಮೂಲ ಉಳಿತಾಯ ಖಾತೆ’ 2012ರಿಂದ ಎಲ್ಲ ಬ್ಯಾಂಕುಗಳಲ್ಲೂ ಇದೆ. ಅದು ಬಡವರಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ, ಯಾರಿಗೂ ಇಲ್ಲ ಎನ್ನುವಂತಿಲ್ಲ. 2014ರ ಆಗಸ್ಟಿನಲ್ಲಿ ಶುರುವಾದ ಜನಧನ್ ಖಾತೆಯೂ ಇದೇ ಜಾತಿಯದು. ಒಂದು ಷರತ್ತು: ಮೂಲ ಖಾತೆ ಇರುವ ಬ್ಯಾಂಕಿನಲ್ಲೇ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ, ಮೊದಲಿನದು ಇದ್ದರೆ 30 ದಿನದೊಳಗೆ ಮುಚ್ಚಬೇಕು.

ಯಾವ ಕಾಗದವೂ ಇಲ್ಲದವರಿಗೂ ದಾರಿಯಿದೆ. ತೋಟದ ಕೆಲಸಕ್ಕೆ ಬೇರೆ ಜಿಲ್ಲೆಯಿಂದ ಬಂದು ನಿಂತ ಕುಟುಂಬಗಳಲ್ಲಿ ಇಂಥವರು ಸಿಗುತ್ತಾರೆ. ಬ್ಯಾಂಕು ಅಧಿಕಾರಿಯ ಎದುರು ಫೋಟೊ ಕೊಟ್ಟು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ‘ಸಣ್ಣ ಖಾತೆ’ ಸಿಗುತ್ತದೆ. ಅದರಲ್ಲಿ 50 ಸಾವಿರಕ್ಕಿಂತ ಹೆಚ್ಚು ಇಡುವಂತಿಲ್ಲ, ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಜಮಾ ಆಗುವಂತಿಲ್ಲ, ತಿಂಗಳಿಗೆ 10 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. 12 ತಿಂಗಳ ಅವಧಿ, ಗುರುತಿನ ಕಾಗದಕ್ಕೆ ಅರ್ಜಿ ಹಾಕಿದ್ದನ್ನು ತೋರಿಸಿದರೆ ಇನ್ನೂ 12 ತಿಂಗಳು. ಪೇಟೆಗೆ ಬರಲು ಆಗದ ವಯಸ್ಸಾದವರಿಗೆ ಅಂಚೆಯವರ ಪೇಮೆಂಟ್ಸ್ ಬ್ಯಾಂಕ್ ಒಳ್ಳೆಯ ದಾರಿ, ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ಬಂದು ಬೆರಳಚ್ಚು ತೆಗೆದುಕೊಂಡು ಖಾತೆ ಮಾಡುತ್ತಾರೆ.

ಹೊಸ ಖಾತೆ ಮಾಡುವಾಗ ಗೃಹಲಕ್ಷ್ಮಿ, ಪಿಂಚಣಿ, ಬೆಳೆ ವಿಮೆ ಹಣ ಬರುವವರು ಒಂದು ವಿಷಯ ಮರೆಯಬಾರದು. ಸರ್ಕಾರದ ಹಣ ಬರುವುದು ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ. ಫಾರಂನ ಆ ಚೌಕಕ್ಕೆ ನೋಡದೆ ಟಿಕ್ ಹಾಕಿದರೆ ಮುಂದಿನ ತಿಂಗಳ 2,000 ರೂಪಾಯಿ ಹೊಸ ಖಾತೆಗೆ ಬಂದಿರುತ್ತದೆ, ಅತ್ತೆಯವರು ಹಳೆಯ ಪಾಸ್‌ಬುಕ್ ಹಿಡಿದು ‘ದುಡ್ಡು ನಿಂತೇ ಹೋಯ್ತು’ ಎಂದು ಪಂಚಾಯ್ತಿಗೆ ಅಲೆಯುತ್ತಿರುತ್ತಾರೆ.

ಅಡಿಕೆ ವ್ಯಾಪಾರಕ್ಕೋ ಅಂಗಡಿಗೋ ಕರೆಂಟ್ ಖಾತೆ ಬೇಕಾದವರ ಕಥೆ ಬೇರೆ. ಬೇರೆ ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್, ಕ್ಯಾಶ್ ಕ್ರೆಡಿಟ್ ಇದೆಯೇ ಎಂದು ಅಲ್ಲಿ ಕೇಳಿಯೇ ಕೇಳುತ್ತಾರೆ, ಸಾಲದ ವರದಿಯನ್ನೂ ನೋಡಬಹುದು. 2020ರಿಂದ ಇದಕ್ಕೆ ಬಿಗಿ ನಿಯಮ ಬಂದಿದೆ. ಇದ್ದದ್ದನ್ನು ಮುಚ್ಚಿಡದೆ ಬರೆಯಿರಿ.

‘ಆಗುವುದಿಲ್ಲ’ ಎಂದರೆ

ಬಾಯಿಮಾತಿನಲ್ಲಿ ಬಂದ ‘ಆಗುವುದಿಲ್ಲ’ವನ್ನು ಒಪ್ಪಿಕೊಂಡು ಬರಬೇಡಿ. ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು, ಇನ್ನೊಂದು ಪ್ರತಿಯಲ್ಲಿ ಸೀಲು ಹಾಕಿಸಿಕೊಳ್ಳಿ. ಯಾಕೆ ಆಗುವುದಿಲ್ಲ ಎಂಬುದಕ್ಕೆ ಹಿಂಬರಹ ಕೇಳಿ. ತಾಲ್ಲೂಕು ಕಚೇರಿಯಲ್ಲಿ ಹಿಂಬರಹ ಕೇಳಿ ಅಭ್ಯಾಸವಿರುವ ನಮ್ಮ ಜನ ಬ್ಯಾಂಕಿನಲ್ಲಿ ಯಾಕೋ ಮುದುಡುತ್ತಾರೆ. ನನಗೆ ಗೊತ್ತಿರುವ ಮೂರ್ನಾಲ್ಕು ಕಡೆ, ಹಿಂಬರಹ ಎಂದ ಕೂಡಲೇ ಆಗದ ಕೆಲಸ ಆಗಿದೆ. ಆಗದಿದ್ದರೂ ನಷ್ಟವಿಲ್ಲ. ತೊಂದರೆ ಹೆಸರಿನದೋ, ಹಳೆಯ ಖಾತೆಯದೋ, ತಡೆ ಹಿಡಿದದ್ದೋ ಎಂಬುದು ಕಾಗದದ ಮೇಲೆ ಸ್ಪಷ್ಟವಾಗುತ್ತದೆ.

ಪೊಲೀಸರ ಸೂಚನೆಯಿಂದ ಖಾತೆ ತಡೆಹಿಡಿದಿದ್ದರೆ ಯಾವ ಊರಿನ ಠಾಣೆ, ದೂರಿನ ಸಂಖ್ಯೆ ಏನು, ಎಷ್ಟು ಮೊತ್ತಕ್ಕೆ ಎಂಬುದನ್ನು ಬ್ಯಾಂಕಿನಿಂದ ಕೇಳಿ ಬರೆಸಿಕೊಳ್ಳಿ. ಆ ಹಣ ಬಂದ ಕಾರಣಕ್ಕೆ ನಿಮ್ಮ ಬಳಿ ಇರುವ ರಸೀದಿ, ಅಡಿಕೆ ಬಿಲ್ಲು ಜೋಡಿಸಿ ಆ ಠಾಣೆಗೆ ಬರೆಯಬೇಕು. ನಿಮಗೇ ಮೋಸವಾಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ಮುಂದೆ ಹರಿಯದಂತೆ ನಿಲ್ಲಿಸುವ ಅವಕಾಶ ಹೆಚ್ಚು.

ಸಾಲದ ಮಾತು ಬಂದಾಗ

ಖಾತೆಗೆ ಬೇಡದ ಸಿಬಿಲ್ ಸಾಲಕ್ಕೆ ಬೇಕೇ ಬೇಕು. ಅದರ ಬಗ್ಗೆ ಗೊಣಗುವವರಲ್ಲಿ ಹೆಚ್ಚಿನವರು ತಮ್ಮ ವರದಿಯನ್ನು ಒಮ್ಮೆಯೂ ನೋಡಿರುವುದಿಲ್ಲ. ನಾನೂ ನೋಡಿರಲಿಲ್ಲ. ಸಂಬಂಧಿಕರೊಬ್ಬರ ಟಿಲ್ಲರ್ ಸಾಲಕ್ಕೆ ಜಾಮೀನು ಹಾಕಿದ್ದು ಮರೆತೇ ಹೋಗಿತ್ತು. ಅವರು ಸಾಲ ಪೂರ್ತಿ ತೀರಿಸಿ, ನಮಗೆಲ್ಲ ಹೋಳಿಗೆ ಊಟವನ್ನೂ ಹಾಕಿದ್ದರು. ನಾಲ್ಕು ವರ್ಷದ ಮೇಲೆ ನನ್ನ ಮನೆ ದುರಸ್ತಿಗೆ ಸಾಲ ಕೇಳಿದಾಗ ಆ ಟಿಲ್ಲರ್ ನನ್ನ ವರದಿಯಲ್ಲಿ ಬಾಕಿ ಸಮೇತ ನಿಂತಿತ್ತು. ಸಾಲ ಮುಗಿದದ್ದನ್ನು ಆ ಬ್ಯಾಂಕಿನವರು ಮೇಲೆ ತಿಳಿಸಿಯೇ ಇರಲಿಲ್ಲ.

ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕು 2016ರಲ್ಲಿ ಆದೇಶಿಸಿದೆ. ಕಂಪನಿಗಳು ನಾಲ್ಕು, ಅಂದರೆ ವರ್ಷಕ್ಕೆ ನಾಲ್ಕು ವರದಿ. ಆಯಾ ಕಂಪನಿಯ ಸ್ವಂತ ಜಾಲತಾಣದಲ್ಲೇ ಕೇಳಿ, ದುಡ್ಡು ಕೇಳುವ ಪುಟ ಬಂದರೆ ಹಿಂದೆ ಸರಿದು ಉಚಿತ ವರದಿಯ ಕೊಂಡಿ ಹುಡುಕಿ. ಕೈಗೆ ಬಂದ ಮೇಲೆ ಅಂಕ ನೋಡಿ ಮಡಚಿಡಬೇಡಿ. 300ರಿಂದ 900ರವರೆಗಿನ ಆ ಅಂಕಿಗಿಂತ ಕೆಳಗಿನ ಪುಟಗಳೇ ಮುಖ್ಯ.

ಮೊದಲು ಹೆಸರು, ಹುಟ್ಟಿದ ದಿನ, ಪಾನ್, ವಿಳಾಸ ನೋಡಿ. ನಮ್ಮಲ್ಲಿ ಹೆಸರುಗಳ ದಾರಿದ್ರ್ಯ ಇರುವುದರಿಂದ ಇನ್ನೊಬ್ಬ ಮಂಜುನಾಥನ ಬೈಕ್ ಸಾಲ ನಿಮ್ಮಲ್ಲಿ ಬಂದು ಕೂತಿರಬಹುದು. ಆಮೇಲೆ ಒಂದೊಂದೇ ಸಾಲ: ಯಾವ ಬ್ಯಾಂಕು, ನೀವು ಸಾಲಗಾರರೋ ಜಂಟಿಯೋ ಜಾಮೀನುದಾರರೋ, ಬಾಕಿ ಎಷ್ಟು. ಪರಿಚಯವಿಲ್ಲದ ಬ್ಯಾಂಕಿನ ಹೆಸರು ಕಂಡೊಡನೆ ಗಾಬರಿಯಾಗಬೇಡಿ, ಅದು ನಿಮ್ಮ ಹಳೆಯ ವಿಜಯಾವೋ ಸಿಂಡಿಕೇಟೋ ಆಗಿರಬಹುದು. ಪ್ರತಿ ಸಾಲದ ಕೆಳಗೆ 36 ತಿಂಗಳವರೆಗಿನ ಚೌಕಗಳಿರುತ್ತವೆ. 000 ಎಂದರೆ ಸಕಾಲಕ್ಕೆ ಕಟ್ಟಿದ್ದೀರಿ. 090 ಎಂದಿದ್ದರೆ ಅದು 90 ರೂಪಾಯಿ ಅಲ್ಲ, 90 ದಿನ ತಡ. ಎಕ್ಸ್ ಎಕ್ಸ್ ಎಕ್ಸ್ ಎಂದಿದ್ದರೆ ಆ ತಿಂಗಳು ಬ್ಯಾಂಕು ಮಾಹಿತಿ ಕಳಿಸಿಲ್ಲ, ಅಷ್ಟೇ.

‘ಸೆಟಲ್ಡ್’ ಎಂಬ ಪದ ಮಾತ್ರ ಕಣ್ಣಿಗೆ ಬಿದ್ದರೆ ನಿಂತು ಓದಿ. ಇದು ಓಟಿಎಸ್‌ನ, ಅಂದರೆ ಒಂದೇ ಸಲಕ್ಕೆ ಒಪ್ಪಿದಷ್ಟು ಕಟ್ಟಿ ಸಾಲ ಮುಗಿಸುವ ರಾಜಿಯ ಗುರುತು. ಎಲೆಚುಕ್ಕೆಯಿಂದ ತೋಟ ಒಣಗಿ ಕೈ ಸೋತವನಿಗೆ ಬಡ್ಡಿ ಬಿಟ್ಟು ಅಸಲಿನಲ್ಲಿ ಮುಗಿಸೋಣ ಎಂದರೆ ಸಂತೋಷವಾಗುತ್ತದೆ, ಅದು ಸಹಜ. ಆದರೆ ಬ್ಯಾಂಕಿನ ಕಣ್ಣಿನಲ್ಲಿ ಅದು ‘ತೀರಿದ’ ಸಾಲ ಅಲ್ಲ, ‘ಬಿಟ್ಟುಕೊಟ್ಟ’ ಸಾಲ. ಮುಂದೆ ಸಾಲ ಕೇಳಿದಾಗ ಆ ಪದ ಎದುರಿಗೆ ಬರುತ್ತದೆ. ಓಟಿಎಸ್ ಮಾಡಲೇಬಾರದು ಎಂದು ನಾನು ಹೇಳುವುದಿಲ್ಲ, ಬಡ್ಡಿ ಬೆಳೆಸಿಕೊಂಡು ಕೂರುವುದಕ್ಕಿಂತ ಅದು ಮೇಲು. ಅದರ ಬೆಲೆ ಗೊತ್ತಿದ್ದು ಸಹಿ ಹಾಕಿ. ಅನುಕೂಲವಾದಾಗ ಬಿಟ್ಟ ಹಣವನ್ನೂ ಕಟ್ಟಿ ‘ಕ್ಲೋಸ್ಡ್’ ಎಂದು ಬದಲಿಸಿಕೊಡುವಿರಾ ಎಂದು ಆಗಲೇ ಕೇಳಿ ಬರೆಸಿಕೊಳ್ಳಿ.

ಸಾಲ ಮನ್ನಾದ್ದೂ ಇಂಥದೇ ಗೊಂದಲ. 2018ರಲ್ಲಿ ರಾಜ್ಯ ಸರ್ಕಾರ ಸಹಕಾರಿ ಸಂಘಗಳ 1 ಲಕ್ಷದವರೆಗಿನ, ವಾಣಿಜ್ಯ ಬ್ಯಾಂಕುಗಳ 2 ಲಕ್ಷದವರೆಗಿನ ಬೆಳೆಸಾಲ ಮನ್ನಾ ಘೋಷಿಸಿದಾಗ ಎಷ್ಟೋ ಜನ ಕಟ್ಟುವುದನ್ನು ನಿಲ್ಲಿಸಿ ಕಾದರು. ಘೋಷಣೆಗೂ ಹಣ ಬ್ಯಾಂಕಿಗೆ ಬಂದು ಸೇರುವುದಕ್ಕೂ ನಡುವೆ ತಿಂಗಳುಗಳು ಕಳೆಯುತ್ತವೆ, ಆ ಅವಧಿಯ ಸುಸ್ತಿ ವರದಿಯಲ್ಲಿ ಬರೆದಾಗಿರುತ್ತದೆ. ಇನ್ನೊಮ್ಮೆ ಮನ್ನಾ ಸುದ್ದಿ ಬಂದರೆ ಇದು ನೆನಪಿರಲಿ.

ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲ ವರದಿಗೆ ಹೋಗುವುದಿಲ್ಲ ಎಂದು ಹೆಂಗಸರಲ್ಲಿ ಒಂದು ನಂಬಿಕೆಯಿದೆ. ಮೈಕ್ರೋಫೈನಾನ್ಸ್ ಕಂಪನಿಗಳು ಕಳಿಸುತ್ತವೆ. ಊರಿನ ಸೊಸೈಟಿ ಸಾಲ ಅಲ್ಲಿ ಕಾಣದೆ ಇರಬಹುದು. ಆದರೆ ಪಹಣಿಯ 11ನೇ ಕಾಲಂನ ಋಣದಲ್ಲಿ ಅದು ಕಾಣುತ್ತದೆ, ಬ್ಯಾಂಕು ಸೊಸೈಟಿಯ ಬೇಬಾಕಿ ಪತ್ರವನ್ನೂ ಕೇಳುತ್ತದೆ.

ಏನೂ ಸಾಲ ಮಾಡಿಲ್ಲದವರಿಗೆ ಅಂಕವೇ ಇರುವುದಿಲ್ಲ. ಅದು ಕಳಂಕವಲ್ಲ. ಚರಿತ್ರೆ ಇಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಸಾಲವನ್ನು ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿದೆ.

ತಪ್ಪು ತಿದ್ದಿಸುವುದು

1. ವರದಿಯ ತಪ್ಪಿನ ಪುಟವನ್ನು ಪ್ರಿಂಟ್ ತೆಗೆಸಿ ಗುರುತು ಹಾಕಿ. ಬೇಬಾಕಿ ಪತ್ರ, ಕೊನೆಯ ಕಂತಿನ ರಸೀದಿ, ಸಾಲದ ಖಾತೆಯ ಸ್ಟೇಟ್‌ಮೆಂಟ್ ಜೋಡಿಸಿ.

2. ಸಾಲ ಕೊಟ್ಟ ಶಾಖೆಗೂ ವರದಿ ಕೊಟ್ಟ ಕಂಪನಿಗೂ ಎರಡೂ ಕಡೆ ದೂರು ಕೊಡಿ. ಕಂಪನಿ ತಾನಾಗಿ ಒಂದಕ್ಷರ ತಿದ್ದುವುದಿಲ್ಲ, ಬ್ಯಾಂಕು ಹೌದೆಂದರೆ ಮಾತ್ರ ತಿದ್ದುತ್ತದೆ. ಆದ್ದರಿಂದ ಶಾಖೆಯನ್ನು ಬಿಡಬೇಡಿ. ದೂರಿನ ಸಂಖ್ಯೆ, ತಾರೀಕು ಬರೆದಿಟ್ಟುಕೊಳ್ಳಿ.

3. 30 ದಿನ ಕಾಯಿರಿ. ಅದರಲ್ಲಿ ಬ್ಯಾಂಕಿನ ಪಾಲು 21 ದಿನ. ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ನಿಮಗೆ ಬರಬೇಕು, 2024ರ ಏಪ್ರಿಲಿನಿಂದ ಈ ನಿಯಮ ಜಾರಿಯಲ್ಲಿದೆ. ಕೇಳದೆ ಕೊಟ್ಟವರನ್ನು ನಾನು ನೋಡಿಲ್ಲ, ಅರ್ಜಿಯಲ್ಲೇ ಆ ಸಾಲನ್ನು ಬರೆದುಬಿಡಿ.

4. ಆಗಲೂ ಉತ್ತರವಿಲ್ಲದಿದ್ದರೆ ಅಥವಾ ಉತ್ತರ ಸಮಾಧಾನ ತಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. ಕಂಪ್ಯೂಟರ್ ಬಾರದವರು ಚಂಡೀಗಡದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು, ಪಿನ್ 160017. ಶುಲ್ಕವಿಲ್ಲ, ವಕೀಲರೂ ಬೇಡ. ವಿಚಾರಣೆಗೆ 14448. ವರದಿ ಕಂಪನಿಗಳ ಮೇಲಿನ ದೂರನ್ನೂ 2022ರ ಸೆಪ್ಟೆಂಬರಿನಿಂದ ಇಲ್ಲಿ ಕೊಡಬಹುದು. ಊರಿನ ಸೊಸೈಟಿ ಮೇಲಿನ ದೂರು ಇಲ್ಲಿಗೆ ಬರುವುದಿಲ್ಲ, ಅದು ಸಹಕಾರ ಇಲಾಖೆಯ ಸಹಾಯಕ ನಿಬಂಧಕರಿಗೆ.

ನನ್ನ ಟಿಲ್ಲರ್ ಎರಡನೇ ಹಂತದಲ್ಲೇ ಇಳಿದು ಹೋಯಿತು. ಬ್ಯಾಂಕುಗಳು ಈಗ ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕಾಗಿರುವುದರಿಂದ ತಿದ್ದಿದ್ದು ಕಾಣಲು ಮೊದಲಿನಷ್ಟು ಕಾಯಬೇಕಿಲ್ಲ.

ಪದೇ ಪದೇ ಆಗುವ ತಪ್ಪುಗಳು

‘ಸಿಬಿಲ್ ಸರಿ ಮಾಡಿಸಿಕೊಡ್ತೇವೆ, ಐದು ಸಾವಿರ ಆಗ್ತದೆ’ ಎನ್ನುವವರ ಕೈಗೆ ಪಾನ್, ಆಧಾರ್, ಓಟಿಪಿ ಕೊಡುವುದು. ನಿಜವಾದ ಬಾಕಿಯನ್ನು ಯಾರೂ ಅಳಿಸಲಾರರು, ಸುಳ್ಳು ಬಾಕಿಯನ್ನು ನೀವೇ ಪುಕ್ಕಟೆ ಅಳಿಸಬಹುದು.

ಒಂದು ಬ್ಯಾಂಕು ಇಲ್ಲ ಎಂದೊಡನೆ ಅದೇ ವಾರ ಇನ್ನೂ ನಾಲ್ಕು ಕಡೆ ಸಾಲಕ್ಕೆ ಅರ್ಜಿ ಹಾಕುವುದು. ಪ್ರತಿ ಅರ್ಜಿಯೂ ವರದಿಯಲ್ಲಿ ದಾಖಲಾಗಿ, ಹಣಕ್ಕೆ ಪರದಾಡುತ್ತಿದ್ದೀರಿ ಎಂಬ ಅರ್ಥ ಕೊಡುತ್ತದೆ. ನಿಮ್ಮ ವರದಿಯನ್ನು ನೀವೇ ನೋಡಿದರೆ ಅಂಕ ಇಳಿಯುವುದಿಲ್ಲ, ಆ ಹೆದರಿಕೆ ಬೇಡ.

ಸಾಲ ತೀರಿಸಿ ಬರಿಗೈಯಲ್ಲಿ ಮನೆಗೆ ಬರುವುದು. ಬೇಬಾಕಿ ಪತ್ರ ತೆಗೆದುಕೊಳ್ಳಿ, ಅಡ ಇಟ್ಟ ಕಾಗದ ವಾಪಸ್ ಪಡೆಯಿರಿ, ಪಹಣಿಯಲ್ಲಿ ಋಣ ಇಳಿದಿದೆಯೇ ಎಂದು ತಿಂಗಳೊಳಗೆ ಒಂದು ಪ್ರತಿ ತೆಗೆಸಿ ನೋಡಿ.

ಜಾಮೀನು ಸಹಿಯನ್ನು ಮದುವೆ ಮನೆಯ ಉಡುಗೊರೆಯಂತೆ ಕೊಡುವುದು. ನಮ್ಮ ಊರುಗಳಲ್ಲಿ ‘ಇಲ್ಲ’ ಎನ್ನುವುದು ಎಷ್ಟು ಕಷ್ಟ ಎಂದು ನನಗೂ ಗೊತ್ತು. ಸಹಿ ಹಾಕಿದ್ದೇ ಆದರೆ ಸಾಲದ ಸಂಖ್ಯೆಯನ್ನು ಡೈರಿಯಲ್ಲಿ ಬರೆದಿಡಿ, ಕಂತು ಹೋಗುತ್ತಿದೆಯೇ ಎಂದು ವರ್ಷಕ್ಕೊಮ್ಮೆ ಕೇಳುವುದಕ್ಕೆ ನಾಚಬೇಡಿ.

ಉಚಿತ ವರದಿಯ ಲೆಕ್ಕ ಜನವರಿಯಿಂದ ಡಿಸೆಂಬರಿಗೆ. ಜನವರಿಯಲ್ಲಿ ಅಂಗಳದಲ್ಲಿ ಅಡಿಕೆ ಒಣಗುತ್ತಿರುವಾಗ ಮಧ್ಯಾಹ್ನ ಅರ್ಧ ಗಂಟೆ ಬಿಡುವು ಮಾಡಿಕೊಂಡು ನಿಮ್ಮದೊಂದು ವರದಿ ತೆಗೆಯಿರಿ. ಮನೆಯಲ್ಲಿ ಯಾರು ಯಾರಿಗೆ ಜಾಮೀನು ಹಾಕಿದ್ದಾರೋ ಅವರದನ್ನೂ ತೆಗೆಯಿರಿ.